ಬೋನಸ್ ಲೆಕ್ಕ ದೀಪಾವಳಿ ವಾರದಲ್ಲಿ ಮಾಡುವುದಲ್ಲ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಅಂದರೆ ಎರಕದ ಕಾರ್ಖಾನೆಯಲ್ಲಿ, ಪಗಾರ ಪತ್ರಕ ನೋಡುವುದು ನನ್ನ ಕೆಲಸ. ವರ್ಷಕ್ಕೊಮ್ಮೆ, ದೀಪಾವಳಿಗೆ ಒಂದು ವಾರ ಮೊದಲು, ನಮ್ಮಲ್ಲಿ ಬೋನಸ್ ಹಂಚುತ್ತಾರೆ. ಅವತ್ತು ಸಂಜೆ ಪಾಳಿ ಬಿಟ್ಟವರು ಮನೆಗೆ ಹೋಗುವ ಮೊದಲು ಖಡೇಬಜಾರ, ಗಣಪತ ಗಲ್ಲಿ ಸುತ್ತುತ್ತಾರೆ. ಮಕ್ಕಳ ಅರಿವೆ, ಆಕಾಶಬುಟ್ಟಿ, ಫರಾಳದ ಸಾಮಾನು ಎಲ್ಲವೂ ಆ ಒಂದು ಮೊತ್ತದ ಮೇಲೆ ನಿಂತಿರುತ್ತವೆ. ಅದಕ್ಕೇ ಆ ಮೊತ್ತದಲ್ಲಿ ತಪ್ಪಾದರೆ ಮನಸ್ಸಿಗೆ ಬಹಳ ಹತ್ತುತ್ತದೆ. 2025ರ ದೀಪಾವಳಿಗೆ ನನ್ನ ಕೈಯಿಂದ ಎರಡು ತಪ್ಪುಗಳಾದವು.

ಮೊದಲನೆಯದು, ಕರಗಿದ ಲೋಹವನ್ನು ಅಚ್ಚಿಗೆ ಸುರಿಯುವ ಪೋರಿಂಗ್ ವಿಭಾಗದ ಒಬ್ಬರದು. ಹಿಂದಿನ ಆರ್ಥಿಕ ವರ್ಷದಲ್ಲಿ ಕರಗಿದ ಕಬ್ಬಿಣ ಸಿಡಿದು ಅವರ ಪಾದ ಸುಟ್ಟಿತ್ತು. ಮೂರು ತಿಂಗಳು ಮನೆಯಲ್ಲಿದ್ದರು, ಆ ದಿನಗಳ ಹಣ ಕಾರ್ಮಿಕರ ವಿಮಾ ಯೋಜನೆಯಾದ ಇಎಸ್‌ಐನಿಂದ ಬಂದಿತ್ತು. ಬೋನಸ್ ಚೀಟಿ ಹಿಡಿದು ನನ್ನ ಮೇಜಿನ ಮುಂದೆ ನಿಂತರು. ಎಡಗಾಲಿನ ಬೂಟಿನ ಲೇಸು ಇನ್ನೂ ಪೂರ್ತಿ ಕಟ್ಟಿರಲಿಲ್ಲ, ಬಿಗಿದರೆ ಕಲೆ ಉರಿಯುತ್ತದಂತೆ. ದನಿ ಏರಿಸಲಿಲ್ಲ.

"ಸರ, ಕಾಲ್ ಸುಟ್ಟಿದ್ದು ಇಲ್ಲೇ ಅಲ್ಲೇನ್ರಿ? ಮತ್ತ ಆ ಮೂರು ತಿಂಗಳಿಂದು ಯಾಕ ಹಿಡದೀರಿ?"

ಚೀಟಿಯಲ್ಲಿ 9,746 ರೂಪಾಯಿ ಇತ್ತು. ಸಾಫ್ಟ್‌ವೇರ್ ಆ ಮೂರು ತಿಂಗಳನ್ನು ಗೈರುಹಾಜರಿ ಎಂದು ತೋರಿಸಿತ್ತು, ನಾನು ಅದನ್ನೇ ನಂಬಿದ್ದೆ. ರಾತ್ರಿ ಮನೆಯಲ್ಲಿ 1965ರ ಬೋನಸ್ ಪಾವತಿ ಕಾಯ್ದೆ ತೆಗೆದು ಓದಿದೆ. 14ನೆಯ ಕಲಮಿನಲ್ಲಿ ಸ್ಪಷ್ಟವಾಗಿಯೇ ಇತ್ತು: ಕೆಲಸದಲ್ಲಿದ್ದಾಗ ಆದ ಅಪಘಾತದಿಂದ ತಾತ್ಕಾಲಿಕವಾಗಿ ದುಡಿಯಲಾಗದೆ ಉಳಿದ ದಿನಗಳನ್ನು ದುಡಿದ ದಿನಗಳೆಂದೇ ಹಿಡಿಯಬೇಕು. ಸಂಬಳ ಸಹಿತ ರಜೆ, ಸಂಬಳ ಸಹಿತ ಹೆರಿಗೆ ರಜೆ, ಕೆಲಸವಿಲ್ಲವೆಂದು ಕಂಪನಿಯೇ ಮನೆಗೆ ಕಳಿಸಿದ ಲೇ ಆಫ್ ದಿನಗಳೂ ಹಾಗೆಯೇ. ಇಷ್ಟು ವರ್ಷ ಈ ಕುರ್ಚಿಯಲ್ಲಿ ಕೂತು ಆ ಪುಟ ನಾನು ತೆರೆದಿರಲಿಲ್ಲ.

ಅವರ ಸರಿಯಾದ ಲೆಕ್ಕ ಹೀಗಿತ್ತು. ತಿಂಗಳಿಗೆ 13,000ದಂತೆ ವರ್ಷಕ್ಕೆ 1,56,000, ಅದರ 8.33 ಪ್ರತಿಶತ ಅಂದರೆ 12,995. ಕಡಿಮೆ ಕೊಟ್ಟಿದ್ದು 3,249. ಈ 8.33 ಕಾನೂನು ಹೇಳುವ ಕನಿಷ್ಠ ಬೋನಸ್, ಹೆಚ್ಚೆಂದರೆ 20. ಆ ಕಾಯ್ದೆಯಲ್ಲಿ ತಿಂಗಳ ಸಂಬಳ 21,000ದವರೆಗೆ ಇದ್ದು, ವರ್ಷದಲ್ಲಿ 30 ದಿನ ದುಡಿದವರಿಗೆ ಇದು ಹಕ್ಕಾಗಿತ್ತು, ಮಾಲೀಕರು ಖುಷಿಯಿಂದ ಕೊಡುವ ಬಕ್ಷೀಸಲ್ಲ. ಇನ್ನೊಂದು ಮಾತು ಇಲ್ಲೇ ಹೇಳಬೇಕು. ಕೆಲವು ಕಡೆ ಆಗಲೂ ಎಲ್ಲರಿಗೂ ತಿಂಗಳಿಗೆ 7,000ದ ಮೇಲೆ ಲೆಕ್ಕ ಹಾಕಿ ವರ್ಷಕ್ಕೆ ಆರು ಸಾವಿರದ ಒಂಬೈನೂರು ಚಿಲ್ಲರೆ ಕೈಗಿಡುತ್ತಿದ್ದರು. 2015ರ ತಿದ್ದುಪಡಿ ಹೇಳಿದ್ದು 7,000 ಅಥವಾ ಸರ್ಕಾರದ ಕನಿಷ್ಠ ವೇತನ, ಎರಡರಲ್ಲಿ ಯಾವುದು ಹೆಚ್ಚೋ ಅದು. ಎರಡನೇ ಅರ್ಧ ಓದದೇ ಬಿಟ್ಟರೆ ಕಾರ್ಮಿಕನ ಹಬ್ಬ ಅರ್ಧವಾಗುತ್ತದೆ. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ವೇತನ ಸಂಹಿತೆ ಜಾರಿಗೆ ಬಂದಿದೆ, ಅದರಲ್ಲೂ 8.33 ಮತ್ತು 20 ಹಾಗೇ ಉಳಿದಿವೆ.

ಎರಡನೆಯ ತಪ್ಪು ತೆರಿಗೆಯದು. ಕ್ವಾಲಿಟಿ ವಿಭಾಗದ ಎಂಜಿನಿಯರ್ ಒಬ್ಬರಿಗೆ ಕಂಪನಿ ಒಂದು ಲಕ್ಷ ಪರ್ಫಾರ್ಮೆನ್ಸ್ ಬೋನಸ್ ಕೊಟ್ಟಿತು. ಖಾತೆಗೆ ಬಿದ್ದದ್ದು 32,400. "ಬೋನಸ್‌ಗೆ ಬೇರೆ ಟ್ಯಾಕ್ಸ್ ಐತೇನ್ರಿ?" ಎಂದು ಕೇಳಿದರು. ಇಲ್ಲ. ಬೋನಸ್ ಕೂಡ ಸಂಬಳವೇ, ಪಿಎಫ್ ಕೂಡ ಅದರ ಮೇಲೆ ಕಡಿದಿರಲಿಲ್ಲ. ಹಾಗಾದರೆ 67,600 ಎಲ್ಲಿ ಹೋಯಿತು?

ಅವರ ವರ್ಷದ ಸಂಬಳ 12,40,000. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆಲ್ಲ ಸಿಗುವ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 11,65,000. 12 ಲಕ್ಷದ ಒಳಗಿರುವುದರಿಂದ ರಿಯಾಯಿತಿ ಸಿಕ್ಕು ತೆರಿಗೆ ಸೊನ್ನೆ. ಬೋನಸ್ ಸೇರಿದೊಡನೆ 12,65,000. ಗಡಿ ದಾಟಿದ ಮೇಲೆ ರಿಯಾಯಿತಿ ಹೋಗುತ್ತದೆ. ಆದರೆ ತೆರಿಗೆ, ಗಡಿ ದಾಟಿದ ಮೊತ್ತವನ್ನು ಮೀರಬಾರದು ಎಂಬ ನಿಯಮವಿದೆ. ಅಂದರೆ ಗಡಿಯಾಚೆಗಿನ 65,000 ಪೂರ್ತಿ ತೆರಿಗೆಗೇ, ಅದರ ಮೇಲೆ 4 ಪ್ರತಿಶತ ಸೆಸ್. ತೆರಿಗೆಯ ಆದಾಯವನ್ನು 12 ಲಕ್ಷದಿಂದ ಸುಮಾರು 12 ಲಕ್ಷ 70 ಸಾವಿರದ ನಡುವೆ ತಂದು ನಿಲ್ಲಿಸುವ ಬೋನಸ್‌ನಲ್ಲಿ ಗಡಿ ದಾಟಿದ ಭಾಗ ಹೀಗೆ ಬಂದ ದಾರಿಯಲ್ಲೇ ಹೋಗಿಬಿಡುತ್ತದೆ.

ನಾನು ಮೊದಲೇ ಮಾಡಬಹುದಾದದ್ದು ಇತ್ತು. ಕಂಪನಿಯ ಪಾಲಿನಿಂದ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ಮೂಲ ವೇತನದ 14 ಪ್ರತಿಶತದವರೆಗೆ ಕಟ್ಟಿದರೆ ಹೊಸ ಪದ್ಧತಿಯಲ್ಲೂ ಅದು ವಿನಾಯಿತಿ. ಅವರ ಮೂಲ ವೇತನ ವರ್ಷಕ್ಕೆ ಆರು ಲಕ್ಷ. ಸಂಬಳದ ರಚನೆಯನ್ನು ಏಪ್ರಿಲ್‌ನಲ್ಲೇ ಬದಲಿಸಿದ್ದರೆ 84,000 ಆ ಕಡೆ ಹೋಗಿ ಆದಾಯ 11,81,000ಕ್ಕೆ ಇಳಿಯುತ್ತಿತ್ತು, ತೆರಿಗೆ ಸೊನ್ನೆ. ಆ ಹಣ ನಿವೃತ್ತಿಯವರೆಗೆ ಕಟ್ಟಿಹಾಕಿದಂತೆ ಎನ್ನುವುದು ನಿಜ, ಆದರೂ ಅವರದೇ ಹಣ. ಬೋನಸ್ ಬರುವುದು ಏಪ್ರಿಲ್‌ನಲ್ಲೇ ಗೊತ್ತಿತ್ತು. ಅಂದಾಜಿನಲ್ಲಿ ಸೇರಿಸದೆ ಬಿಟ್ಟು, ಅಕ್ಟೋಬರ್‌ನಲ್ಲಿ ಇಡೀ ತೆರಿಗೆಯನ್ನು ಒಂದೇ ಸಲ ಕಡಿದೆ. ಮಾರ್ಚ್‌ವರೆಗೆ ಹಂಚಿ ಕಡಿಯಲು ಅವಕಾಶವಿತ್ತು, ಅದನ್ನೂ ಮಾಡಲಿಲ್ಲ.

ನವೆಂಬರ್‌ನಿಂದ ತಿಂಗಳಿಗೆ 7,000ದಂತೆ ಐದು ತಿಂಗಳು ಎನ್‌ಪಿಎಸ್ ಕಟ್ಟಿಸುವುದೆಂದು ಗೊತ್ತುಮಾಡಿದೆವು. ಮಾರ್ಚ್ ಕೊನೆಗೆ ಅವರ ತೆರಿಗೆ 31,200ಕ್ಕೆ ನಿಲ್ಲುವ ಲೆಕ್ಕ, ಹೆಚ್ಚಿಗೆ ಕಡಿದ 36,400 ರಿಟರ್ನ್ ಹಾಕಿದ ಮೇಲೆ ವಾಪಸ್. ಪೋರಿಂಗ್ ವಿಭಾಗದವರ 3,249 ಮಾತ್ರ ಲಕ್ಷ್ಮೀ ಪೂಜೆಯ ಹಿಂದಿನ ದಿನ ಮಧ್ಯಾಹ್ನವೇ ಖಾತೆಗೆ ಹಾಕಿಸಿದೆ. ಎಲ್ಲ ಲೆಕ್ಕವನ್ನೂ ಕನ್ನಡದಲ್ಲಿ ಬರೆದ ಹೊಸ ಚೀಟಿ ಕೊಟ್ಟೆ. ಅವರು ಅದನ್ನು ನಾಲ್ಕಾಗಿ ಮಡಚಿ ಕಿಸೆಗೆ ಇಟ್ಟುಕೊಂಡು, "ನಮ್ಮ ಪಾಳೀದವರಿಗೆಲ್ಲಾ ಹಿಂಗ ಬರದು ಕೊಡ್ರಿ ಸರ" ಅಂದರು. ಅಂದಿನಿಂದ ಹಾಗೇ ಬರೆದು ಕೊಡುತ್ತಿದ್ದೇನೆ.