ಎದೆಪಟ್ಟಿ ಉಸಿರನ್ನು ಎಣಿಸುವ ಬಗೆ

ಸೈಕಲ್ ತುಳಿಯುವಾಗ ಉಸಿರಾಟದ ದರ ತೋರಿಸುವ ಹಾರ್ಟ್ ರೇಟ್ ಮಾನಿಟರ್‌ಗಳಲ್ಲಿ ಹೆಚ್ಚಿನವು ಉಸಿರನ್ನು ನೇರವಾಗಿ ಅಳೆಯುವುದಿಲ್ಲ. ಉಸಿರೆಳೆದಾಗ ಎರಡು ಬಡಿತಗಳ ನಡುವಿನ ಅಂತರ ತುಸು ಕಿರಿದಾಗುತ್ತದೆ, ಬಿಟ್ಟಾಗ ಹಿಗ್ಗುತ್ತದೆ. ಈ ಏರಿಳಿತದಿಂದಲೇ ಲೆಕ್ಕ. ಹಾಗಾಗಿ ಬರೀ ಸರಾಸರಿ ಬಡಿತ ಸಾಲದು, ಪ್ರತಿ ಆರ್-ಆರ್ ಅಂತರವನ್ನೂ (ಒಂದು ಬಡಿತದಿಂದ ಮುಂದಿನ ಬಡಿತದವರೆಗಿನ ಸಮಯ) ಕಳಿಸುವ ಎದೆಪಟ್ಟಿ ಬೇಕು. ಹ್ಯಾಂಡಲ್ ಹಿಡಿದ ಕೈಗೆ ರಸ್ತೆಯ ಅದುರು ತಾಗುವುದರಿಂದ ಕೈಗಡಿಯಾರದ ಸೆನ್ಸರ್ ಈ ಕೆಲಸಕ್ಕೆ ಆಗಿಬರುವುದಿಲ್ಲ.

ಬಡಿತ ಹಿಡಿಯುವ ಎಲೆಕ್ಟ್ರೋಡ್‌ಗಳನ್ನು, ಅಂದರೆ ಪಟ್ಟಿಯಲ್ಲಿ ಚರ್ಮಕ್ಕೆ ತಾಗುವ ಭಾಗಗಳನ್ನು, ಒದ್ದೆ ಮಾಡಿ, ಎದೆಯ ಸ್ನಾಯುವಿನ ಕೆಳಗೆ ಪಟ್ಟಿಯನ್ನು ಬಿಗಿಯಾಗಿ ಕಟ್ಟಿ. ಬೆವರು ಬರುವ ತನಕ ಪಟ್ಟಿಗೆ ಕೆಲವು ಬಡಿತ ಸಿಗದೆ ತಪ್ಪಿಹೋಗುವುದು ಮಾಮೂಲು. ಒಂದೇ ಒಂದು ತಪ್ಪಿದರೂ 500 ಮಿಲಿಸೆಕೆಂಡಿನ ಅಂತರ 1000 ಆಗಿ ದಾಖಲಾಗುತ್ತದೆ. ಉಸಿರಿನ ಸಣ್ಣ ಅಲೆ ಅದರಡಿ ಮುಳುಗುತ್ತದೆ.

ದೊಡ್ಡ ತೊಡಕು ಬೇರೆಯೇ ಇದೆ. ಶ್ರಮ ಹೆಚ್ಚಿದಂತೆ ಈ ಏರಿಳಿತ ಕೆಲವೇ ಮಿಲಿಸೆಕೆಂಡಿಗೆ ಕುಗ್ಗುತ್ತದೆ. ಏರುಹಾದಿಯಲ್ಲಿ, ಅಂಕಿ ಬೇಕೇ ಬೇಕು ಅನ್ನುವಾಗಲೇ, ಅದರ ಮೇಲೆ ಭರವಸೆ ಕಡಿಮೆ! ಜೊತೆಗೆ ಪೆಡಲ್ ಲಯವೂ ನುಸುಳುತ್ತದೆ. ನಿಮಿಷಕ್ಕೆ ಬಡಿತ 140, ಕೇಡೆನ್ಸ್ (ಪೆಡಲ್ ಸುತ್ತುಗಳ ಸಂಖ್ಯೆ) 90 ಇದ್ದರೆ ಅವೆರಡರ ವ್ಯತ್ಯಾಸವಾದ 50 ಉಸಿರಿನ ದರದ ವೇಷ ಹಾಕಬಹುದು. ಗೇರ್ ಬದಲಿಸಿ ಕೇಡೆನ್ಸನ್ನು 80ಕ್ಕೆ ಇಳಿಸಿ. ಬಡಿತ ಹಾಗೇ ಇದ್ದು ‘ಉಸಿರು’ 60ಕ್ಕೆ ಏರಿದರೆ ಅದು ಪೆಡಲ್ಲಿನದೇ ಆಟ.

ಮಾತು, ಕೆಮ್ಮು, ನೀರು ಕುಡಿಯುವುದು ಕೂಡ ಲೆಕ್ಕ ಕೆಡಿಸುತ್ತವೆ. ಟ್ರೈನರ್ ಮೇಲೆ (ನಿಂತಲ್ಲೇ ಸೈಕಲ್ ತುಳಿಯುವ ಸಾಧನ) ಕೂತು 30 ಸೆಕೆಂಡು ಉಸಿರೆಣಿಸಿ, ಎರಡರಿಂದ ಗುಣಿಸಿ, ಪರದೆಯ ಅಂಕಿಯೊಂದಿಗೆ ಹೋಲಿಸಿ. ಹಗುರ, ಮಧ್ಯಮ, ಜೋರು, ಮೂರೂ ವೇಗದಲ್ಲಿ.