ಆಸ್ಟಿನ್‌ನಿಂದ ಧಾರವಾಡಕ್ಕೆ ಬಂದ ಗಿಟಾರು

"ಧಾರವಾಡದಾಗ ಯಾರ ಹತ್ರಾನರ ಇಸಕೊಂಡ್ರ ಆತಲ್ಲ? ಅಷ್ಟ ದೂರಿಂದ ಯಾಕ ಹೊತ್ಕೊಂಡ ಬರ್ತಿ?" ಅಂತ ಅವ್ವ ಫೋನಿನಲ್ಲಿ ಕೇಳಿದಳು. ತಂಗಿಯ ಮದುವೆಗೆ ಅಮೆರಿಕದ ಆಸ್ಟಿನ್‌ನಿಂದ ಹೊರಟಿದ್ದೆ. ಮದುವೆಯ ಹಿಂದಿನ ರಾತ್ರಿ ಅಜ್ಜಿ ದಾಸರ ಪದ ಹಾಡೋದು, ನಾನು ಗಿಟಾರ್ ಬಾರಿಸೋದು ಅಂತ ಮೊದಲೇ ಮಾತಾಗಿತ್ತು. ಅಜ್ಜಿಯ ಶ್ರುತಿ ಎಲ್ಲಿ ನಿಲ್ಲುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಅನ್ನೋದನ್ನೆಲ್ಲ ವಿಡಿಯೋ ಕಾಲ್‌ನಲ್ಲಿ ಕೇಳಿ ಕೇಳಿ ಇದೇ ಗಿಟಾರಿನ ಮೇಲೆ ಅಭ್ಯಾಸ ಮಾಡಿದ್ದೆ. ಬೇರೆಯವರ ವಾದ್ಯ ಎರವಲು ತಂದು ಆ ರಾತ್ರಿ ಕೂರೋಕೆ ಮನಸ್ಸು ಒಪ್ಪಲಿಲ್ಲ.

ಇನ್ನೊಂದು ಕಾರಣವೂ ಇತ್ತು. ಈ ಗಿಟಾರಿನ ಬೆನ್ನು ಮತ್ತು ಪಕ್ಕಗಳು ಬೀಟೆ ಮರದ್ದು. ಅಮೆರಿಕದ ಅಂಗಡಿಯಲ್ಲಿ ಅದಕ್ಕೆ 'ಇಂಡಿಯನ್ ರೋಸ್‌ವುಡ್' ಅಂತಾರೆ. ನಮ್ಮ ಕೊಡಗು, ಮಲೆನಾಡು, ಉತ್ತರ ಕನ್ನಡದ ಕಾಡುಗಳಲ್ಲಿ ಬೆಳೆಯುವ ಅದೇ ಜಾತಿಯ ಮರ. ಅಜ್ಜನ ಮಂಚವೂ ಬೀಟೆಯದೇ. ಆ ಕಪ್ಪು-ಕಂದು ಗೆರೆಗಳನ್ನು ನೋಡುತ್ತಾ ಬೆಳೆದವನಿಗೆ ಟೆಕ್ಸಸ್‌ನ ಅಂಗಡಿಯಲ್ಲಿ ಅವೇ ಗೆರೆ ಕಂಡಾಗ ಕೈ ತಾನಾಗಿಯೇ ಆ ಗಿಟಾರಿನ ಕಡೆ ಹೋಗಿತ್ತು. ಅದನ್ನು ಅಜ್ಜಿಗೆ ತೋರಿಸಬೇಕು ಅಂತ ಆಗಿನಿಂದಲೂ ಆಸೆ.

ಈ ಮರಕ್ಕೆ ಗಡಿ ದಾಟುವ ಕಾಗದದ ಕಾಟವೂ ಇತ್ತು. ಕಾಡುಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ 2017ರ ಜನವರಿ 2ರಿಂದ ಬೀಟೆಯ ಕುಲವೆಲ್ಲ ಸೇರಿತು. ಮಾರಾಟಕ್ಕೆ ಕಳಿಸುವ ಗಿಟಾರಿಗೂ ಪರವಾನಗಿ ಬೇಕಾಯಿತು. ನಮ್ಮ ಸ್ವಂತ ವಾದ್ಯ ಒಯ್ಯೋಕೆ ಆಗಲೂ ವಿನಾಯಿತಿ ಇತ್ತು, ಆದರೂ ಗಿಟಾರ್ ಬಾರಿಸುವವರಲ್ಲಿ ಹೆದರಿಕೆ ಹಬ್ಬಿತ್ತು. ಪೂರ್ತಿ ತಯಾರಾಗಿ ಮುಗಿದ ವಾದ್ಯಗಳನ್ನು 2019ರ ನವೆಂಬರ್ 26ರಿಂದ ಆ ನಿಯಮದಿಂದ ಬಿಟ್ಟರು. ಬ್ರೆಜಿಲ್‌ನ ರೋಸ್‌ವುಡ್‌ಗೆ ಮಾತ್ರ ಬಿಗಿ ಹಾಗೇ ಇದೆ. ಹಾಗಾಗಿ ಗಿಟಾರಿನ ಬಿಲ್ ಜೊತೆಗಿಟ್ಟುಕೊಂಡೆ. ಮರ ಯಾವುದು ಅಂತ ಅದರಲ್ಲಿ ಬರೆದಿತ್ತು.

ಹೊರಡುವ ಹಿಂದಿನ ರಾತ್ರಿ ಗಿಟಾರಿಗೇ ಹೆಚ್ಚು ಹೊತ್ತು ಹಿಡಿಯಿತು. ಸಾಮಾನ್ಯ ತಂತಿ ಹಾಕಿ ಶ್ರುತಿ ಮಾಡಿದ ಗಿಟಾರಿನ ಕತ್ತನ್ನು ಆರೂ ತಂತಿ ಸೇರಿ ಸುಮಾರು 70-75 ಕೆಜಿ ಬಲದಿಂದ ಎಳೆಯುತ್ತಿರುತ್ತವೆ. ಪೆಟ್ಟಿಗೆ ಬೆನ್ನಡಿಯಾಗಿ ಬಿದ್ದರೆ ಹಿಂದಕ್ಕೆ ಬಾಗಿದ ತಲೆಗೆ ಏಟು ಬಿದ್ದು, ಬಿರಡೆಗಳ ಕೆಳಗೆ ಕತ್ತು ಸಣ್ಣಗಾಗುವ ಜಾಗದಲ್ಲೇ ಬಿರುಕು ಬಿಡುತ್ತದೆ. ಗೆಳೆಯನೊಬ್ಬನ ಗಿಟಾರು ಹಾಗೇ ಮುರಿದು ಬಂದಿತ್ತು. ಹೊರಗಿನ ಪೆಟ್ಟಿಗೆಗೆ ಒಂದು ಗೀರೂ ಇರಲಿಲ್ಲ! ಅದಕ್ಕೇ ಬಿರಡೆ ತಿರುಗಿಸಿ ಪ್ರತಿ ತಂತಿಯನ್ನೂ ಒಂದೊಂದು ಸ್ವರದಷ್ಟು ಇಳಿಸಿದೆ. ಪೂರ್ತಿ ಸಡಿಲ ಬಿಡಲಿಲ್ಲ, ಕತ್ತಿನೊಳಗಿನ ಕಬ್ಬಿಣದ ಸರಳಿಗೂ ತಂತಿಗೂ ಇರುವ ಸಮತೋಲ ತಪ್ಪಬಾರದು. ತಲೆಯ ಕೆಳಗೂ ಮೇಲೂ ಹಳೆಯ ಹತ್ತಿ ಬನಿಯನ್ ಮಡಚಿ ಇಟ್ಟೆ. ಪೆಟ್ಟಿಗೆ ಅಲ್ಲಾಡಿಸಿದರೆ ಒಳಗೆ ಏನೂ ಅಲುಗಬಾರದು, ಅಷ್ಟು ಗಟ್ಟಿ. ತಂತಿ ಕತ್ತರಿಸುವ ಇಕ್ಕಳ ಸೂಟ್‌ಕೇಸಿಗೆ ಹೋಯಿತು, ಕೈಸಾಮಾನಿನಲ್ಲಿದ್ದರೆ ತಪಾಸಣೆಯಲ್ಲಿ ತಡೆಯಬಹುದು.

ಆಸ್ಟಿನ್‌ನಲ್ಲಿ ಗೇಟಿನ ಹೆಂಗಸು ಪೆಟ್ಟಿಗೆ ನೋಡಿ ಹುಬ್ಬೇರಿಸಿದರು. ಅಮೆರಿಕದಲ್ಲಿ 2012ರ ವಿಮಾನಯಾನ ಕಾಯ್ದೆಯಲ್ಲಿ ವಾದ್ಯಗಳಿಗೆ ಅಂತಲೇ ಒಂದು ಕಲಂ ಇದೆ. 2015ರ ಮಾರ್ಚ್‌ನಿಂದ ಅದರ ನಿಯಮಗಳು ಜಾರಿಯಲ್ಲಿವೆ. ಪಿಟೀಲು, ಗಿಟಾರಿನಂಥ ವಾದ್ಯ ತಲೆ ಮೇಲಿನ ಖಾನೆಯಲ್ಲೋ ಸೀಟಿನ ಕೆಳಗೋ ಹಿಡಿಸಿದರೆ, ಹತ್ತುವ ಹೊತ್ತಿಗೆ ಅಲ್ಲಿ ಜಾಗ ಇದ್ದರೆ, ಅಲ್ಲಿನ ಕಂಪನಿಗಳು ಒಳಗೆ ಬಿಡಲೇಬೇಕು. ಮೊದಲು ಬಂದವರಿಗೆ ಮೊದಲು ಜಾಗ. ಅದಕ್ಕೇ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟು ಬೇಗ ಹತ್ತುವ ಸರದಿ ತಗೊಂಡಿದ್ದೆ. ನಿಯಮದ ಮಾತು ತೆಗೆದೆ, ಅವರು ತಲೆಯಾಡಿಸಿ ಒಳಗೆ ಬಿಟ್ಟರು. ಬೋಯಿಂಗ್ 737ರ ಖಾನೆಯಲ್ಲಿ ಗಿಟಾರು ಉದ್ದಕ್ಕೆ ಮಲಗಿತು. ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದ ದೊಡ್ಡ ವಿಮಾನದಲ್ಲಿ ಗಗನಸಖಿ ಒಬ್ಬರು ಕೋಟು ನೇತುಹಾಕುವ ಕಪಾಟಿನಲ್ಲಿ ಇಟ್ಟುಕೊಟ್ಟರು. ಅದು ಅವರ ಒಳ್ಳೆಯತನ. ಕೇಳುವ ಹಕ್ಕು ನನಗೇನೂ ಇರಲಿಲ್ಲ.

ಬೆಂಗಳೂರಿನಲ್ಲಿ ಕಸ್ಟಮ್ಸ್‌ನವರು ಬಿಲ್ ನೋಡಲೂ ಇಲ್ಲ. ಹುಬ್ಬಳ್ಳಿಯ ಟಿಕೆಟ್ ಬೇರೆ ಇತ್ತು, ಮತ್ತೆ ಚೆಕ್-ಇನ್ ಮಾಡಿಸಬೇಕು. ಅಲ್ಲಿ ಶುರುವಾಯಿತು.

ನಮ್ಮಲ್ಲಿ ಸಾಮಾನ್ಯವಾಗಿ ಒಂದೇ ಕೈಚೀಲ, 7 ಕೆಜಿ, ಉದ್ದ 55 ಸೆಂಟಿಮೀಟರ್. ಗಿಟಾರೇ ಒಂದು ಮೀಟರಿಗಿಂತ ಉದ್ದ. ಜೊತೆಗೆ ಹುಬ್ಬಳ್ಳಿಗೆ ಹೋಗುವುದು ಎಟಿಆರ್ 72, ರೆಕ್ಕೆಯಲ್ಲಿ ಪಂಖ ತಿರುಗುವ ಸಣ್ಣ ವಿಮಾನ. ಅದರ ಖಾನೆಯಲ್ಲಿ ಸಣ್ಣ ಟ್ರಾಲಿ ಬ್ಯಾಗೇ ಒದ್ದಾಡಿ ಹೋಗುತ್ತದೆ. ಕೌಂಟರಿನ ಹುಡುಗಿ ಒಂದು ಚೀಟಿ ಮುಂದಿಟ್ಟಳು. "ಸರ್, ಇಲ್ಲೊಂದು ಸೈನ್ ಮಾಡಿ, ಬೆಲ್ಟ್ ಮೇಲೆ ಹಾಕಿಬಿಡ್ತೀನಿ." ಒಡೆಯುವ ವಸ್ತು, ಹಾಳಾದರೆ ಕಂಪನಿ ಹೊಣೆಯಲ್ಲ ಅಂತ ಒಪ್ಪಿಕೊಳ್ಳುವ ಚೀಟಿ ಅದು. ಸಣ್ಣ ಅಕ್ಷರ, ಕೆಳಗೆ ನನ್ನ ಸಹಿಗೊಂದು ಗೆರೆ. ದೇಶದೊಳಗಿನ ಹಾರಾಟದಲ್ಲಿ ಸಾಮಾನು ಹಾಳಾದರೆ ಕೊಡುವ ಪರಿಹಾರದ ಮಿತಿಯೇ 20,000 ರೂಪಾಯಿ. ಅದನ್ನೂ ಈ ಸಹಿಯಲ್ಲಿ ಬಿಟ್ಟುಕೊಡಬೇಕು.

ನಾನು ಸಹಿ ಮಾಡಲಿಲ್ಲ. ಹುಡುಗಿಯ ಮೇಲೆ ಸಿಟ್ಟೂ ಬರಲಿಲ್ಲ, ಅವಳಿಗೆ ಹೇಳಿದ್ದನ್ನು ಅವಳು ಮಾಡುತ್ತಿದ್ದಳು. ಅವಳ ಮೇಲಿನವರನ್ನು ಕರೆಸಿ ಎಂದೆ. ಬಂದವರು ಹಿರಿಯರು. ಪೆಟ್ಟಿಗೆ ತೆಗೆದು ತೋರಿಸಿದೆ. ಅವರು ಒಂದು ತಂತಿಯನ್ನು ಬೆರಳ ತುದಿಯಿಂದ ಮುಟ್ಟಿ, "ನಮ್ಮನೇಲಿ ಮಗಳದ್ದು ವೀಣೆ ಇದೆ ಸರ್, ನನಗೆ ಅರ್ಥ ಆಗುತ್ತೆ" ಅಂದರು. ಗಿಟಾರನ್ನು ವಿಮಾನದ ಬುಡದವರೆಗೆ ನಾನೇ ಹೊತ್ತುಕೊಂಡು ಹೋಗುವುದು, ಅಲ್ಲಿ ಲೋಡರ್ ಕೈಗೆ ಕೊಡುವುದು ಅಂತ ಅವರೇ ದಾರಿ ಹೇಳಿ, ಬೇರೆ ಟ್ಯಾಗ್ ಕಟ್ಟಿಕೊಟ್ಟರು.

ಭದ್ರತಾ ತಪಾಸಣೆಯಲ್ಲಿ ಎಕ್ಸ್‌ರೇ ಪರದೆ ಮೇಲೆ ಗಿಟಾರಿನ ಹೊಟ್ಟೆಯೊಳಗೆ ಚೌಕನೆಯ ಎರಡು ಕಪ್ಪು ಕಲೆ ಕಂಡವು. ಭದ್ರತಾ ಪಡೆಯ ಜವಾನ ಬೆಲ್ಟ್ ನಿಲ್ಲಿಸಿದ. ಅವು ತೇವದ ಪೊಟ್ಟಣಗಳು, ಒಳಗಿನ ಗಾಳಿಯ ತೇವ ಶೇ. 50ರ ಆಸುಪಾಸು ಇರುವಂತೆ ನೋಡಿಕೊಳ್ಳುತ್ತವೆ. ಹಾರುವ ವಿಮಾನದ ಒಳಗೆ ಗಾಳಿ ತೀರಾ ಒಣ, ತೆಳು ಹಲಗೆ ಒಣಗಿ ಸೀಳಬಹುದು. ತಂತಿಗಳ ನಡುವೆ ಕೈ ತೂರಿಸಿ ಪೊಟ್ಟಣ ತೆಗೆದು ಅವನ ಅಂಗೈಗೆ ಇಟ್ಟೆ. ಅವನು ಹಿಸುಕಿ ನೋಡಿದ, ಮೂಸಿ ನೋಡಿದ, ಮೇಲಿನವರಿಗೆ ತೋರಿಸಿ ವಾಪಸ್ ಕೊಟ್ಟ.

ಬಸ್ ಇಳಿದಾಗ ಎಟಿಆರ್‌ನ ಮುಂಬದಿಯ ಸಾಮಾನಿನ ಬಾಗಿಲು ತೆರೆದೇ ಇತ್ತು. ಕಿತ್ತಳೆ ಜಾಕೆಟ್ ಹಾಕಿದ ಹುಡುಗನೊಬ್ಬ ಒಳಗೆ ಬ್ಯಾಗ್ ಜೋಡಿಸುತ್ತಿದ್ದ. ಟ್ಯಾಗ್ ನೋಡಿ ಕೈಚಾಚಿದ. "ತಮ್ಮಾ, ಇದರ ಮ್ಯಾಲೆ ಏನೂ ಹೇರಬ್ಯಾಡಪಾ" ಅಂತ ನನ್ನ ಬಾಯಿಂದ ಊರಿನ ಮಾತೇ ಬಂತು. ಅವನ ಮುಖ ಅರಳಿತು. "ಯಾವ ಊರ್ರೀ ಅಣ್ಣಾರ? ನಮ್ದು ನವಲಗುಂದರೀ. ಚಿಂತಿ ಮಾಡಬ್ಯಾಡ್ರಿ, ಕಡೀಕ ಇಡ್ತೀನಿ, ಎಲ್ಲಾದರ ಮ್ಯಾಲೆ." ಉಳಿದ ಬ್ಯಾಗ್‌ಗಳನ್ನೆಲ್ಲ ಒಳಗೆ ಹಾಕಿ ಮುಗಿಸುವ ತನಕ ಗಿಟಾರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡ. ಆಮೇಲೆ ಎರಡೂ ಕೈಯಿಂದ ಎತ್ತಿ, ಬ್ಯಾಗ್‌ಗಳ ಮೇಲೆ ಮಲಗಿಸಿ, ಜಾರದಂತೆ ಬಲೆಯ ಪಟ್ಟಿ ಎಳೆದು ಕಟ್ಟಿದ. ಸಾಲಿನಲ್ಲಿ ಕಡೆಯವನಾಗಿ ನಿಂತು ಅದನ್ನೆಲ್ಲ ನೋಡಿ ಮೆಟ್ಟಿಲು ಹತ್ತಿದೆ.

ಮಗಳು ವೀಣೆ ಕಲಿಯದ ಅಧಿಕಾರಿ ಸಿಕ್ಕಿದ್ದರೆ? ನವಲಗುಂದದ ಹುಡುಗನ ಬದಲು ಹತ್ತು ವಿಮಾನ ತುಂಬಿ ಸುಸ್ತಾದ ಇನ್ಯಾರೋ ಇದ್ದಿದ್ದರೆ? ಹಾರಾಟದ ಉದ್ದಕ್ಕೂ ನನಗೆ ಇದೇ ಯೋಚನೆ. ವೀಣೆ, ತಂಬೂರಿ, ಸಿತಾರ್ ಹೊತ್ತು ಊರೂರು ತಿರುಗುವ ಕಲಾವಿದರು ನಮ್ಮಲ್ಲಿ ಎಷ್ಟು ಜನ! ಅವರ ವಾದ್ಯ ಗಿಟಾರಿಗಿಂತ ದೊಡ್ಡದು, ಯಾವ ಖಾನೆಯಲ್ಲೂ ಹಿಡಿಸುವುದಿಲ್ಲ. ಒಂದೋ ಪಕ್ಕದ ಸೀಟಿಗೂ ದುಡ್ಡು ಕೊಡಬೇಕು, ಇಲ್ಲಾ ಬೆಲ್ಟ್ ಮೇಲೆ ಬಿಟ್ಟು ದೇವರ ಮೇಲೆ ಭಾರ ಹಾಕಬೇಕು. ಕಚೇರಿ ಮಾಡಿ ಸಿಗುವ ಸಂಭಾವನೆಯಲ್ಲಿ ಎರಡು ಸೀಟು ಎಲ್ಲಿಂದ ತರೋದು? ವಾದ್ಯ ಒಡೆದರೆ ಆ ದಿನದ ಕಚೇರಿಯೂ ಹೋಯಿತು, ವರ್ಷಗಟ್ಟಲೆ ಪಳಗಿಸಿದ ನಾದವೂ ಹೋಯಿತು. ಸಂಗೀತದ ಬಗ್ಗೆ ಇಷ್ಟು ಹೆಮ್ಮೆ ಪಡುವ ದೇಶದಲ್ಲಿ ಇದಕ್ಕೊಂದು ಸ್ಪಷ್ಟ ನಿಯಮ ಬೇಕೇ ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಹುಬ್ಬಳ್ಳಿಯಲ್ಲಿ ಗಿಟಾರು ಎಲ್ಲಕ್ಕಿಂತ ಮೊದಲು ಕೆಳಗಿಳಿಯಿತು. ಕಡೆಗೆ ಹೋದದ್ದು ಮೊದಲು ಬರುತ್ತದೆ, ಅಲ್ವಾ? ಮನೆಗೆ ಬಂದ ಕೂಡಲೇ ಪೆಟ್ಟಿಗೆ ತೆಗೆಯಲಿಲ್ಲ. ಮರ ಊರಿನ ಹವೆಗೆ ಹೊಂದಿಕೊಳ್ಳಲಿ ಅಂತ ಸಂಜೆವರೆಗೆ ಮುಚ್ಚಿಟ್ಟೆ. ಅಜ್ಜಿಗೆ ತಡೆಯಲಾಗಲಿಲ್ಲ, ಪೆಟ್ಟಿಗೆಯ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಕೂತಳು. ತೆಗೆದಾಗ ತಲೆ, ಕತ್ತು, ತಂತಿ ಹೊರುವ ಕುದುರೆ ಎಲ್ಲ ನೆಟ್ಟಗಿದ್ದವು. ಅವಳು ತಂತಿ ಕಡೆ ನೋಡಲೇ ಇಲ್ಲ. ಗಿಟಾರು ತಿರುವಿ ಹಾಕಿ ಬೆನ್ನು ಸವರಿ, "ನಮ್ಮ ಮಂಚದ್ದ ಬೀಟಿ ಐತಲ್ಲೋ ಇದು!" ಅಂದಳು. ಮದುವೆಯ ಹಿಂದಿನ ರಾತ್ರಿ ಪದಗಳು ಚೆನ್ನಾಗಿ ಆದವು. ಒಂದು ಪದಕ್ಕೆ ಅಜ್ಜಿ ಶ್ರುತಿ ಏರಿಸು ಅಂದಳು, ಏರಿಸಿದೆ.

ಮದುವೆ ಗದ್ದಲ ಮುಗಿದ ಮೇಲೆ ಎರಡು ಪತ್ರ ಬರೆದೆ. ಒಂದು ವಿಮಾನ ಕಂಪನಿಗೆ. ಆ ಹಿರಿಯರೂ ಆ ಲೋಡರ್ ಹುಡುಗನೂ ಮಾಡಿದ ಕೆಲಸವನ್ನು ವಿವರಿಸಿ, ಅದನ್ನೇ ಎಲ್ಲ ನಿಲ್ದಾಣಗಳಲ್ಲೂ ಪದ್ಧತಿ ಮಾಡಿ ಎಂದು ಕೇಳಿದ್ದೇನೆ. ಇನ್ನೊಂದು ವಿಮಾನಯಾನ ಸಚಿವಾಲಯಕ್ಕೆ. ಜಾಗ ಇದ್ದರೆ ವಾದ್ಯವನ್ನು ಒಳಗೆ ಬಿಡಬೇಕು, ಇಲ್ಲದಿದ್ದರೆ ಕೈಯಿಂದ ಕೈಗೆ ಕೊಡುವ ವ್ಯವಸ್ಥೆ ಇರಬೇಕು, ಹೊಣೆ ಕಳಚಿಕೊಳ್ಳುವ ಚೀಟಿಗೆ ಸಹಿ ಹಾಕಿಸಬಾರದು. ಇಷ್ಟೇ ಕೇಳಿದ್ದು. ವೀಣೆಯೋ ಪಿಟೀಲೋ ಹೊತ್ತು ಹಾರುವವರು ನೀವಾಗಿದ್ದರೆ ದಯವಿಟ್ಟು ನೀವೂ ಬರೆಯಿರಿ.