ಅಡಿಕೆಗೆ ಸಿಕ್ಕಿದ್ದು ಒಂದು ಮುಕ್ಕಾಲು ನಿಮಿಷ

ಮೊನ್ನೆ ಊರಿಂದ ಅಪ್ಪಯ್ಯ ವಾಟ್ಸಾಪಲ್ಲಿ ಒಂದು ಕ್ಲಿಪ್ ಕಳ್ಸಿದ್ರು, ಲೋಕಸಭೆಲಿ ಯಾರೋ ಎಂಪಿ ಅಡಿಕೆಯ ಎಲೆಚುಕ್ಕೆ ರೋಗದ ಬಗ್ಗೆ ಮಾತಾಡ್ತಿರೋದು. ಜೊತೆಗೊಂದು ವಾಯ್ಸ್ ನೋಟು, "ನೋಡಾ ಮಾರಾಯ, ಅಂತೂ ನಮ್ ತೋಟದ ಕಥೆ ಡೆಲ್ಲಿ ಮುಟ್ತು". ನೋಡಿದೆ. ಒಂದು ಮುಕ್ಕಾಲು ನಿಮಿಷ ಅಷ್ಟೇ, ಹೆಚ್ಚಿನ ಹೊತ್ತು ಮಾನ್ಯ ಸಭಾಧ್ಯಕ್ಷರೇ ಅನ್ನೋದ್ರಲ್ಲೇ ಹೋಯ್ತು, ಪರಿಹಾರ ಅನ್ನೋ ಪದ ಬರೋ ಹೊತ್ಗೆ ಬೆಲ್ಲು.

ಅದು ಶೂನ್ಯವೇಳೆ, ಅಂದ್ರೆ ಎಂಪಿಗಳು ತುರ್ತು ವಿಷ್ಯ ಎತ್ತೋ ಹೊತ್ತು. ನೋಟಿಸ್ ಕೊಟ್ಟೋರ ಹೆಸ್ರನ್ನ ಬ್ಯಾಲೆಟ್ ಹಾಕಿ ಎತ್ತೋದು, ಥೇಟ್ ನಮ್ಮೂರ ಚೀಟಿ ವ್ಯವಹಾರದ ಥರ. ಮಂತ್ರಿಗಳು ಅಲ್ಲೇ ಎದ್ದು ಉತ್ತರ ಕೊಡ್ಬೇಕು ಅಂತೇನೂ ಇಲ್ಲ. ವಿಷ್ಯ ಎತ್ತೋಕೆ ನಿಯಮ 377 ಅಂತ ಇನ್ನೊಂದು ದಾರಿ ಇದೆ, ಅದ್ರಲ್ಲಂತೂ ಎಷ್ಟೋ ದಿನ ಎಂಪಿ ಬಾಯೇ ಬಿಡಲ್ಲ, ಬರ್ಕೊಂಡು ಬಂದಿದ್ದನ್ನ ಮೇಜಿನ ಮೇಲೆ ಇಟ್ರೆ ಮುಗೀತು, ಪ್ರಸ್ತಾಪ ಆದಂಗೇ ಲೆಕ್ಕ!

ಚೀಟಿ ಎತ್ತೋದ್ರ ಬಗ್ಗೆ ನಂಗೆ ತಕರಾರಿಲ್ಲ, ಅದ್ರಲ್ಲಾದ್ರೂ ಎಲ್ರಿಗೂ ಒಂದೇ ಅದೃಷ್ಟ. ತಕರಾರಿರೋದು ಮಿಕ್ಕಿದ್ದ ಟೈಮ್ ಬಗ್ಗೆ. ಯಾವ ಬಿಲ್ಲಿಗೆ ಎಷ್ಟು ತಾಸು ಅಂತ ಕೂತು ಹಂಚೋದು ಕಲಾಪ ಸಲಹಾ ಸಮಿತಿ, ಸ್ಪೀಕರ್ರೇ ಅಧ್ಯಕ್ಷರು, ಎಲ್ಲಾ ಪಕ್ಷದೋರೂ ಇರ್ತಾರೆ ನಿಜ, ಆದ್ರೆ ಏನ್ ಬರ್ಬೇಕು ಅನ್ನೋ ಪಟ್ಟಿ ಸರ್ಕಾರದ್ದೇ. ಖಾಸಗಿ ಸದಸ್ಯರ, ಅಂದ್ರೆ ಮಂತ್ರಿಯಲ್ಲದ ಎಂಪಿಗಳ, ಕೆಲಸಕ್ಕೆ ಅಂತ ಇರೋದು ಶುಕ್ರವಾರದ ಕೊನೇ ಎರಡೂವರೆ ತಾಸು, ಅಷ್ಟೊತ್ತಿಗೆ ಅರ್ಧ ಜನ ಏರ್‌ಪೋರ್ಟ್ ದಾರೀಲಿ. ಹಂಗೆ ತಂದ ಬಿಲ್ಲು ಎರಡೂ ಸದನ ದಾಟಿ ಕಾನೂನಾಗಿದ್ದು 1970ರಲ್ಲೇ ಕೊನೆ.

ಬಜೆಟ್ ಕಥೆ ಕೇಳಿ. 2018ರ ಮಾರ್ಚಲ್ಲಿ ಗಲಾಟೆ ಮಧ್ಯೆ ಎಲ್ಲಾ ಇಲಾಖೆಗಳ ಖರ್ಚಿನ ಬೇಡಿಕೆನೂ ಚರ್ಚೆನೇ ಇಲ್ದೆ ಪಾಸು, ಅದಕ್ಕೆ ಗಿಲೋಟಿನ್ ಅಂತ್ಲೇ ಹೆಸ್ರು. 2021ರ ನವೆಂಬರ್ 29ಕ್ಕೆ ಕೃಷಿ ಕಾಯ್ದೆ ವಾಪಸ್ ತಗೊಂಡ್ರಲ್ಲ, ಒಂದು ವರ್ಷ ರೈತ್ರು ದಿಲ್ಲಿ ಗಡೀಲಿ ಚಳಿ ಮಳೆ ಅನ್ದೆ ಕೂತ ವಿಷ್ಯ ಅದು, ಲೋಕಸಭೆಲಿ ಚರ್ಚೆನೇ ಇಲ್ದೆ ಕೆಲವೇ ನಿಮಿಷದಲ್ಲಿ ಮುಗ್ಸಿದ್ರು. ತಪ್ಪಾಯ್ತು ಅಂತ ಹೇಳೋಕಾದ್ರೂ ಒಂದು ತಾಸು ಬೇಡ್ವಾ?

ಬ್ರಿಟನ್ನಿನ ಲೋಕಸಭೆ ಅನ್ನಬಹುದಾದ ಕಾಮನ್ಸ್ ಸಭೇಲಿ ಒಂದು ಅಧಿವೇಶನಕ್ಕೆ 20 ದಿನ ವಿರೋಧ ಪಕ್ಷಗಳಿಗೇ ಬಿಟ್ಟಿರ್ತಾರೆ, ವಿಷ್ಯ ಏನು ಅಂತ ಅವ್ರೇ ಆರಿಸ್ಕೋತಾರೆ. ಅವ್ರ ಅಧಿವೇಶನ ಅಂದ್ರೆ ಸುಮಾರು ವರ್ಷದ್ದು. ನಮ್ಮಲ್ಲಿ ವಾರಕ್ಕೊಂದು ದಿನ ಹಂಗೆ ಬಿಟ್ಕೊಟ್ರೆ ಗಂಟೇನು ಹೋಗುತ್ತೆ? ಆದ್ರೆ ನಮ್ ವಿರೋಧ ಪಕ್ಷದೋರಿಗೂ ಒಂದ್ಮಾತು, ಹನ್ನೊಂದು ಗಂಟೆಗೆ ಬೋರ್ಡ್ ಹಿಡ್ಕೊಂಡು ಸ್ಪೀಕರ್ ಮುಂದಿನ ಬಾವಿಗಿಳಿದ್ರೆ ಮೊದ್ಲು ಸಾಯೋದು ಪ್ರಶ್ನೋತ್ತರ ವೇಳೆ, ಅಂದ್ರೆ ಮಂತ್ರಿಗಳು ಬಾಯ್ಬಿಟ್ಟು ಉತ್ತರ ಕೊಡ್ಲೇಬೇಕಾದ ಆ ಒಂದೇ ತಾಸು.

ಇಷ್ಟನ್ನೂ ಅಪ್ಪಯ್ಯನಿಗೆ ಫೋನಲ್ಲಿ ವಿವರಿಸ್ದೆ. ಹೂಂ ಹೂಂ ಅಂತ ಕೇಳಿ, "ಅದೆಲ್ಲ ಇರ್ಲಿ, ನಾಳೆ ದೋಟಿಯವ್ನು ಔಷ್ದಿ ಹೊಡಿಯಾಕೆ ಬರ್ತಾನೆ, ಅವ್ನಿಗೆ ದುಡ್ಡು ಗೂಗಲ್ ಪೇ ಮಾಡ್ಬಿಡು" ಅಂದ್ರು.